ಹಾಲ್ಪಿನ್ ಅಜ್ಜನ ಬೆಲ್

ಇದು ಡ್ರೋಹೆಡಾದಲ್ಲಿ, ನಮ್ಮ ಪಕ್ಕದ ಮನೆಯ ದ್ರಾಕ್ಷಾಯಿಣಿಗೆ ಆದದ್ದು. ದೀಪ ಆರಿಸುವುದಿದ್ದರೆ ಆರಿಸಿ. ಮುಂಬಾಗಿಲು ಹಾಕಿದೆಯೋ ಇಲ್ಲವೋ, ಅದನ್ನು ಮಾತ್ರ ಈಗಲೇ ನೋಡಿಕೊಂಡು ಬಂದುಬಿಡಿ. ಆಮೇಲೆ ಏಳಲು ಮನಸ್ಸು ಬರುವುದಿಲ್ಲ.

ಐರ್ಲೆಂಡಿನ ದೆವ್ವಗಳಿಗೆ ಡಿಸೆಂಬರ್ ತಿಂಗಳು ಬಹಳ ಅನುಕೂಲ. ನಮ್ಮ ಕಡೆ ಅವು ಊರೆಲ್ಲ ಮಲಗುವವರೆಗೆ ಕಾಯಬೇಕು. ಇಲ್ಲಿ ಸಂಜೆ ಕಾಫಿ ಹೊತ್ತಿಗೇ ಕತ್ತಲು, ಮನುಷ್ಯರು ಆಫೀಸು ಬಿಡುವಾಗ ಅವು ಡ್ಯೂಟಿಗೆ ಹಾಜರಾಗಬಹುದು. ಅಂಥ ಒಂದು ಸಂಜೆ ದ್ರಾಕ್ಷಾಯಿಣಿ ನರ್ಸಿಂಗ್ ಹೋಮಿನ ಕೆಲಸ ಮುಗಿಸಿ ಮನೆಗೆ ನಡೆದು ಬರುತ್ತಿದ್ದಳು. ದಾರಿಯಲ್ಲಿ ಒಂದು ಹಳೆಯ ಬಾವಿ. ಯಾವುದೋ ಸಂತನ ಹೆಸರಿನದು. ಪಕ್ಕದಲ್ಲೊಂದು ಮುಳ್ಳಿನ ಮರ, ಅದರ ಕೊಂಬೆಗಳಿಗೆಲ್ಲ ಹರಕೆಯ ಬಟ್ಟೆಚೂರು. ನೀರು ಕುಡಿಯಬಾರದು ಅಂತ ಕೌನ್ಸಿಲ್ಲಿನವರ ಬೋರ್ಡಿತ್ತು. ಹರಕೆ ಕಟ್ಟಬಾರದು ಅಂತ ಬೋರ್ಡಿರಲಿಲ್ಲ.

ಹಿಮ ಕೂತ ಜಲ್ಲಿಯ ಮೇಲೆ ಅವಳ ಬೂಟು, ಕರಕ್... ಕರಕ್. ಬಾವಿಯೊಳಗೆ ಎಲ್ಲೋ ನೀರು, ಗುಳುಕ್.

ಆಮೇಲೆ ಬೆನ್ನ ಹಿಂದೆ... ಟಿಂಗ್.

ಒಂದೇ ಸಲ. ಸೈಕಲ್ಲಿನದಲ್ಲ, ಅದು ಟ್ರಿಣ್ ಅನ್ನುತ್ತದೆ. ಫೋನಿನದೂ ಅಲ್ಲ. ಬಸ್ಸಿನಲ್ಲಿ ಇಳಿಯಬೇಕಾದವರು ಕೆಂಪು ಗುಂಡಿ ಒತ್ತಿದರೆ ಬರುತ್ತದಲ್ಲ, ಆ ಥರದ್ದು. ಆ ಓಣಿಯಲ್ಲಿ ಬಸ್ಸಿರಲಿ, ಎರಡು ಕಾರು ಎದುರಾದರೆ ಒಂದು ಹಿಂದೆ ಹೋಗಬೇಕು.

ಅವಳು ತಿರುಗಿ ನೋಡಲಿಲ್ಲ. ಯಾರೆಂದು ತಿಳಿಯದಿದ್ದರೆ ತಿರುಗಿ ನೋಡುತ್ತಿದ್ದಳೋ ಏನೋ. ಅವಳಿಗೆ ತಿಳಿದಿತ್ತು.

ದ್ರಾಕ್ಷಾಯಿಣಿ ದಾವಣಗೆರೆಯವಳು, ಎಂ.ಕಾಂ. ಓದಿದವಳು. ಗಂಡ ದರ್ಶನ್‌ನ ಕೆಲಸದ ಹಿಂದೆ ಈ ದೇಶಕ್ಕೆ ಬಂದಳು. ದರ್ಶನ್ ಒಳ್ಳೆಯವನೇ. ಬ್ಲಾಂಚರ್ಡ್ಸ್‌ಟೌನಿನ ಸಾಫ್ಟ್‌ವೇರ್ ಕಂಪನಿ, ವಾರದಲ್ಲಿ ಹೆಚ್ಚು ದಿನ ಮನೆಯಿಂದಲೇ ಕೆಲಸ. ಕಿವಿಗೆ ಹೆಡ್‌ಸೆಟ್ಟು. ಹೊರಗಿನ ಸದ್ದು ಒಳಗೆ ಬಿಡದಂಥದ್ದು, ಹೆಂಡತಿಯ ಸದ್ದೂ ಅದರಲ್ಲಿ ಸೇರಿತ್ತು. ಊಟಕ್ಕೆ ಕರೆದರೆ ತೋರುಬೆರಳು ಎತ್ತುತ್ತಿದ್ದ. ಆ ಬೆರಳಿಗೆ ಒಂದು ನಿಮಿಷ ಅಂತಲೂ ಅರ್ಥ ಮಾಡಬಹುದಿತ್ತು, ಒಂದು ಗಂಟೆ ಅಂತಲೂ. ಕೊರಿಯರಿನವರು ಮೀಟಿಂಗಿನ ಮಧ್ಯೆ ಡಿಂಗ್-ಡಾಂಗ್ ಅನ್ನಿಸುತ್ತಾರೆಂದು ಬಂದ ಹೊಸದರಲ್ಲೇ ವೈರಿಲ್ಲದ ಬಾಗಿಲ ಬೆಲ್ಲಿನ ಸ್ವಿಚ್ಚಿನಿಂದ ಬ್ಯಾಟರಿ ತೆಗೆದು ತನ್ನ ಕಾರಿನ ಕೀಲಿಗೆ ಹಾಕಿಕೊಂಡಿದ್ದ. ಸ್ವಿಚ್ಚು ಅಂದಿನಿಂದ ಬಾಗಿಲ ಚೌಕಟ್ಟಿಗೆ ಅಲಂಕಾರಕ್ಕೆ ಅಂಟಿಕೊಂಡಿತ್ತು.

ಯಾರನ್ನಾದರೂ ಮಾತಾಡಿಸುವಂಥ ಕೆಲಸ ಬೇಕು ಅನ್ನಿಸಿ ಅವಳು ರೋಗಿಗಳ ಆರೈಕೆಯ ಕೋರ್ಸಿಗೆ ಸೇರಿದಳು. ಬರ್ನಡೆಟ್ ಅಂತ ಟೀಚರು, ಮೊದಲು ನರ್ಸಾಗಿದ್ದು ನಿವೃತ್ತಿಯಾದವರು. ಕ್ಲಾಸಿನಲ್ಲಿ ಮಂಚದ ಮೇಲೊಂದು ರಬ್ಬರಿನ ಬೊಂಬೆ. ಅದಕ್ಕೆ ಸ್ನಾನ ಮಾಡಿಸಬೇಕು, ಮಗ್ಗುಲು ಬದಲಿಸಬೇಕು, ಬಾಯಿ ಒರೆಸಬೇಕು. ಔಷಧ ಕೊಡೋದಕ್ಕೆ ಬೇರೆಯವರಿದ್ದಾರೆ, ಇನ್ನೊಬ್ಬರ ಮೈಯನ್ನು ಮುಟ್ಟೋದು ಹೇಗೆ ಅನ್ನೋದನ್ನ ನೀವು ಕಲೀಬೇಕು, ಅನ್ನುತ್ತಿದ್ದರು ಬರ್ನಡೆಟ್. ಒಳಗೆ ಹೋಗುವ ಮುಂಚೆ ಬಾಗಿಲು ತಟ್ಟಿ. ಏನು ಮಾಡುತ್ತೀರೋ ಮೊದಲು ಹೇಳಿ, ಕೇಳಿಸದವರಿಗೂ ಹೇಳಿ. ಅಂಗಿ ತೊಡಿಸುವಾಗ ಸೋತ ಕೈ ಮೊದಲು. ಹೊರಡುವ ಮುಂಚೆ, ನರ್ಸನ್ನು ಕರೆಯುವ ಬೆಲ್ ರೋಗಿಯ ಕೈಗೆ ಸಿಗುವ ಹಾಗೆ ಇಡಿ. ಇದನ್ನು ಮಾತ್ರ ಆ ಹೆಂಗಸು ಪ್ರತಿ ಕ್ಲಾಸಿನಲ್ಲೂ ಹೇಳುತ್ತಿದ್ದರು:

"ಬೆಲ್ ಕೈಗೆ ಸಿಗದ ಹಾಗಿಟ್ಟು ಬಂದರೆ ನೀವು ಆರೈಕೆ ಮಾಡಿಲ್ಲ. ಸಾಮಾನು ಜೋಡಿಸಿಟ್ಟು ಬಂದಿದ್ದೀರಿ, ಅಷ್ಟೆ."

ಬೊಂಬೆಯ ಮಟ್ಟಿಗೆ ದ್ರಾಕ್ಷಾಯಿಣಿಯನ್ನು ಮೀರಿಸುವವರಿರಲಿಲ್ಲ. ಬೊಂಬೆ ಒಮ್ಮೆಯೂ ದೂರಲಿಲ್ಲ.

ಕೆಲಸ ಕಲಿಯಲು ಅವಳನ್ನು ಊರಾಚೆಯ ಒಂದು ವೃದ್ಧರ ನರ್ಸಿಂಗ್ ಹೋಮಿಗೆ ಹಾಕಿದರು. ಅಲ್ಲಿ ಅವಳ ಪಾಲಿಗೆ ಬಂದವರು ಮಾರ್ಟಿನ್ ಹಾಲ್ಪಿನ್. ಬಸ್ ಓಡಿಸುತ್ತಿದ್ದವರು. ಸ್ಟ್ರೋಕ್ ಆಗಿ ಬಲಗೈ ಬಲಗಾಲು ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಒಂದು ಮಾತು ಮಾತ್ರ ಉಳಿದಿತ್ತು, ಇಲ್ಲಿಯವರು ಎಲ್ಲ ಸರಿಯಾಗಿದೆ ಅನ್ನಲು ಆಡುವ ಮಾತು. ಗ್ರ್ಯಾಂಡ್. ಹಸಿವಾದರೂ ಗ್ರ್ಯಾಂಡ್, ನೋವಾದರೂ ಗ್ರ್ಯಾಂಡ್. ಐರ್ಲೆಂಡಿನಲ್ಲಿ ಬಹಳ ಜನ ಅಷ್ಟರಲ್ಲೇ ಜೀವನ ಸಾಗಿಸುವುದರಿಂದ ಮಾತು ಹೋಗಿದೆ ಅಂತ ಡಾಕ್ಟರು ಕಂಡುಹಿಡಿಯಲು ಸ್ವಲ್ಪ ಹೊತ್ತು ಹಿಡಿಯಿತಂತೆ. ಊಟ ಸಾಕಾದರೆ ಎಡಗೈಯ ಮದುವೆ ಉಂಗುರವನ್ನು ಮಂಚದ ಕಂಬಿಗೆ ಒಮ್ಮೆ ತಾಗಿಸುತ್ತಿದ್ದರು. ಟಿಂಗ್. ಬಸ್ ನಿಲ್ಲಿಸಿ ಅನ್ನುವ ಹಾಗೆ. ಅವರನ್ನು ನೋಡಲು ಯಾರೂ ಬರುತ್ತಿರಲಿಲ್ಲ.

ದ್ರಾಕ್ಷಾಯಿಣಿ ಅವರನ್ನು ಅಜ್ಜಾ ಅಂತಲೇ ಕರೆದಳು. ಏನು ಮಾಡುತ್ತೀರೋ ಮೊದಲು ಹೇಳಿ ಅಂದಿದ್ದರಲ್ಲ, ಅವಳು ಕನ್ನಡದಲ್ಲೇ ಹೇಳಿದಳು. ಈಗ ಮುಖ ಒರೆಸ್ತೀನಿ ಅಜ್ಜಾ, ಈಗ ಈ ಕಡೆ ಹೊರಳಿಸ್ತೀನಿ. ಹಾಗೇ ಮುಂದುವರಿದು ಬೆಣ್ಣೆದೋಸೆ, ಅತ್ತೆಯ ಮಂಡಿನೋವು, ದರ್ಶನ್‌ನ ತೋರುಬೆರಳು ಎಲ್ಲ ಹೇಳಿದಳು. ಅಜ್ಜ ಪೂರ್ತಿ ಕೇಳಿಸಿಕೊಂಡು, ಗ್ರ್ಯಾಂಡ್, ಅನ್ನುತ್ತಿದ್ದರು. ಆ ಊರಿನಲ್ಲಿ ಅವಳ ಕನ್ನಡಕ್ಕೆ ಉತ್ತರ ಕೊಡುತ್ತಿದ್ದವರು ಅವರೊಬ್ಬರೇ.

ಅಂಗಿ ತೊಡಿಸುವಾಗ ಸೋತ ಕೈ ಮೊದಲು. ಅದರಲ್ಲಿ ಅವಳು ತಪ್ಪಲಿಲ್ಲ. ತಪ್ಪಿದ್ದು ಕೊನೆಯಲ್ಲಿ. ಅವಳ ಅಜ್ಜಿ ಬಸಲಿಂಗಮ್ಮ ಎಡಗೈಯಲ್ಲಿ ಏನು ಕೊಟ್ಟರೂ, ಏನು ತಗೊಂಡರೂ ಆ ಕೈಗೆ ಪಟ್ಟನೆ ಹೊಡೆದು ಬೆಳೆಸಿದವಳು. ದೊಡ್ಡವರ ಎಡಗೈಗೆ ಒಂದು ವಸ್ತು ಇಡುವುದೆಂದರೆ ದ್ರಾಕ್ಷಾಯಿಣಿಯ ಮೈಗೇ ಆಗದು. ಒಂದು ಸಂಜೆ ಹೊರಡುವಾಗ ಮಂಚ ಸುತ್ತಿ ಆ ಕಡೆ ಹೋಗಿ, ಬೆಲ್ಲನ್ನು ಅಜ್ಜನ ಬಲಗೈಗೆ ಇಟ್ಟಳು. ದಿಂಬಿನ ಮೇಲೆ ಚಾಚಿಟ್ಟಿದ್ದ, ಸತ್ತ ಕೈಗೆ. ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಚಿದಳು. ಬಹಳ ಮರ್ಯಾದೆಯಿಂದ.

ಅಜ್ಜ ಅವಳ ಮುಖ ನೋಡಿದರು. ಎಡಗೈಯ ಉಂಗುರ ಕಂಬಿಗೆ ತಾಗಿತು. ಟಿಂಗ್.

"ನಾಳೆ ಬರ್ತೀನಿ ಅಜ್ಜಾ," ಅಂದಳು. ಬಾಗಿಲು ಎಳೆದುಕೊಂಡು ಬಂದಳು.

ಮಾರನೆಯ ಬೆಳಿಗ್ಗೆ ಹೋದಾಗ ಅಜ್ಜ ಇರಲಿಲ್ಲ. ಮೈ ಇತ್ತು. ನರ್ಸಿನ ಜೊತೆ ನಿಂತು ಅವಳೇ ಕೊನೆಯ ಸ್ನಾನ ಮಾಡಿಸಬೇಕಾಯಿತು, ಅದೂ ಕೋರ್ಸಿನಲ್ಲಿತ್ತು. ಬೆಲ್ಲು ಅವಳು ಮಡಚಿದ ಹಾಗೆಯೇ ಬಲಗೈಯಲ್ಲಿತ್ತು. ಒಂದು ಬೆರಳೂ ಕದಲಿರಲಿಲ್ಲ. ಎಡಗೈ ಎದೆಯ ಮೇಲಿಂದ ಆ ಕಡೆಗೆ ಚಾಚಿ, ಅರ್ಧದಲ್ಲಿ ಹೊದಿಕೆ ಹಿಡಿದು ನಿಂತಿತ್ತು.

ಅವಳು ಬೆಲ್ಲನ್ನು ಬಿಡಿಸಿ ಗೋಡೆಯ ಕೊಕ್ಕೆಗೆ ಹಾಕಿದಳು. ಯಾರೂ ನೋಡಲಿಲ್ಲ. ಹೃದಯ ನಿಂತಿದೆ, ಬೆಲ್ ಮಾಡಿದ್ದರೂ ಏನೂ ಆಗುತ್ತಿರಲಿಲ್ಲ, ಅಂದರು ನರ್ಸು, ತಾವಾಗಿಯೇ. ರಾತ್ರಿ ಡ್ಯೂಟಿಯ ಹುಡುಗಿ ಕೋಟು ಹಾಕಿಕೊಳ್ಳುತ್ತ ಇನ್ನೊಂದು ಮಾತು ಹೇಳಿ ಹೋದಳು. ಹೀಟರಿನವರನ್ನು ಕರೆಸಬೇಕಂತೆ. ರಾತ್ರಿಯೆಲ್ಲ ಎಲ್ಲೋ ಬಿಸಿನೀರಿನ ಪೈಪು ಟಿಂಗ್ ಟಿಂಗ್ ಅನ್ನುತ್ತಿತ್ತಂತೆ.

ದ್ರಾಕ್ಷಾಯಿಣಿ ಯಾರಿಗೂ ಹೇಳಲಿಲ್ಲ. ಹೇಳುವುದಕ್ಕೆ ಇದ್ದವರೇ ಒಬ್ಬರು, ಅವರೂ ಹೋಗಿದ್ದರು. ದರ್ಶನ್‌ಗೆ ಹೇಳಲು ಹೋದಳು, ಬೆರಳು ಎದ್ದಿತು.

ಅದರ ಮಾರನೆಯ ಸಂಜೆಯೇ ಬಾವಿಯ ಹತ್ತಿರ ಬೆನ್ನ ಹಿಂದೆ ಟಿಂಗ್ ಅಂದದ್ದು.

ಅವಳು ಹೆಜ್ಜೆ ಬಿರುಸು ಮಾಡಿದಳು. ಕರಕ್ ಕರಕ್ ಕರಕ್... ಮತ್ತೆ, ಈ ಸಲ ಎಡಗಿವಿಯ ಪಕ್ಕದಲ್ಲೇ. ಟಿಂಗ್. ಓಡಲು ಹೋದಳು. ಹಿಮಕ್ಕೆ ಕಾಲು ಜಾರಿತು. ಬಲಗೈ ಊರಿ ಬಿದ್ದಳು. ಮಣಿಕಟ್ಟಿನಲ್ಲಿ ಕಟ್ ಅಂತ ಒಂದು ಸದ್ದು. ಅದು ಅವಳದ್ದೇ.

ನಾಯಿ ತಿರುಗಾಡಿಸಲು ಬಂದವನೊಬ್ಬ ಟಾರ್ಚು ಬಿಟ್ಟು ನೋಡಿದ. ಕೈ ಇರಬಾರದ ಕಡೆಗೆ ತಿರುಗಿತ್ತು. ಯೂ ಆರ್ ಗ್ರ್ಯಾಂಡ್, ಅಂದು ಆಂಬುಲೆನ್ಸಿಗೆ ಫೋನ್ ಮಾಡಿದ.

ಆಸ್ಪತ್ರೆಯಲ್ಲಿ ಮೊಳಕೈವರೆಗೆ ಪ್ಲಾಸ್ಟರ್ ಹಾಕಿ, ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಮನೆಗೆ ಬರುವಾಗ ನಿಜವಾದ ರಾತ್ರಿಯೇ ಆಗಿತ್ತು. ದರ್ಶನ್ ಅವಳನ್ನು ಮಹಡಿಯ ಕೋಣೆಯಲ್ಲಿ ಮಲಗಿಸಿದ. ಪ್ಲಾಸ್ಟರಿನ ಕೈ ಕೆಳಗೆ ದಿಂಬಿಟ್ಟ. ನೀರಿನ ಲೋಟವನ್ನು ಪಕ್ಕದ ಮೇಜಿನ ಮೇಲಿಟ್ಟ. ಬಲಗಡೆ. ಅವನಿಗೆ ಯಾರೂ ಕಲಿಸಿರಲಿಲ್ಲ.

"ಅಮೆರಿಕಾದವರ ಕಾಲ್ ಒಂದಿದೆ ಕಣೆ. ಏನಾದ್ರೂ ಬೇಕಾದ್ರೆ ಕರಿ."

"ಹೆಡ್‌ಸೆಟ್ ಹಾಕ್ಕೋತೀರಾ?"

"ಕೇಳ್ಸುತ್ತೆ, ಕರಿ."

ಅವಳ ಫೋನನ್ನು ಚಾರ್ಜಿಗೆ ಹಾಕಲು ಅವನೇ ಕೆಳಗೆ ತೆಗೆದುಕೊಂಡು ಹೋದ. ದೀಪ ಆರಿಸಿದ. ಬಾಗಿಲೂ ಎಳೆದುಕೊಂಡ, ನಿದ್ದೆ ಬರಲಿ ಅಂತ.

ಎಷ್ಟು ಹೊತ್ತೋ. ಎಚ್ಚರವಾದಾಗ ನಾಲಗೆ ಅಂಗುಳಕ್ಕೆ ಅಂಟಿತ್ತು. ಬೀದಿದೀಪದ ಬೆಳಕಿಗೆ ಲೋಟ ಮಸುಕಾಗಿ ಕಾಣುತ್ತಿತ್ತು. ಎಡಗೈ ಚಾಚಿದಳು, ಎದೆಯ ಮೇಲಿಂದ, ಅರ್ಧಕ್ಕೆ ಹೋಗಿ ನಿಂತಿತು. ಹೊರಳಲು ನೋಡಿದರೆ ಕೈಯಿಂದ ಹೆಗಲವರೆಗೆ ಬೆಂಕಿ. ಎದ್ದು ಕೂರಲು ಹೋದರೆ ಮಾತ್ರೆಯ ಮಂಪರು, ತಲೆ ತಿರುಗಿ ಮತ್ತೆ ದಿಂಬಿಗೇ.

"ರೀ..."

ಕೆಳಗೆ ಕೀಬೋರ್ಡು, ಟಕ ಟಕ ಟಕ. ದರ್ಶನ್ ಯಾರಿಗೋ ಇಂಗ್ಲಿಷಿನಲ್ಲಿ ತಮಾಷೆ ಮಾಡಿ ತಾನೇ ನಕ್ಕ.

"ರೀ..." ಗಂಟಲಿನಿಂದ ಗಾಳಿಯಷ್ಟೇ ಬಂತು. ಎಡಗೈಯ ಬಳೆಯನ್ನು ಮಂಚಕ್ಕೆ ಕುಟ್ಟಿದಳು. ಮರದ ಮಂಚ. ಡಬ್... ಡಬ್. ಕೆಳಗೆ ಕೇಳಿದ್ದರೆ ಅವನೂ ಪೈಪು ಅಂದುಕೊಳ್ಳುತ್ತಿದ್ದ.

ಆಗ ಅವಳು ಕುಟ್ಟುವುದನ್ನು ನಿಲ್ಲಿಸಿ ಮತ್ತೆ ಲೋಟದ ಕಡೆಗೆ ಕೈ ಚಾಚಿದಳು. ತನ್ನ ಎಡಗೈ ಎದೆಯ ಮೇಲೆ ಯಾವ ಕಡೆಗೆ ಚಾಚಿದೆ ಅಂತ ನೋಡಿಕೊಂಡಳು. ಹೊದಿಕೆಯನ್ನು ಹಿಡಿದಿತ್ತು.

"ಅಜ್ಜಾ," ಅಂದಳು ಕತ್ತಲಿಗೆ. ಪಿಸುಮಾತಿನಲ್ಲಿ. "ನಿಮ್ಮ ಬಲಗೈ ನಡಿಯಲ್ಲ ಅಂತ ನಂಗೊತ್ತಿತ್ತು. ಆದ್ರೂ ಆ ಕೈಗೇ ಕೊಟ್ಟೆ... ಮರ್ಯಾದೆ ಅಂದ್ಕೊಂಡೆ. ತಪ್ಪಾಯ್ತು."

ಕೆಳಗೆ ಟಕ ಟಕ.

ಆಮೇಲೆ ಕೋಣೆಯ ಬಾಗಿಲ ಮೇಲೆ... ಟಕ್. ಟಕ್. ಮೆತ್ತಗೆ. ಒಳಗೆ ಬರುವ ಮುಂಚೆ ತಟ್ಟಬೇಕಲ್ಲ, ಹಾಗೆ.

ಬಾಗಿಲು ತೆರೆಯಲಿಲ್ಲ. ಆದರೆ ಯಾರೋ ಮಂಚವನ್ನು ಸುತ್ತಿ ಬರುವುದು ಕೇಳಿಸಿತು. ಒಂದು ಕಾಲು ನೆಲ ಮುಟ್ಟುತ್ತಿತ್ತು, ಇನ್ನೊಂದು ಎಳೆಯುತ್ತಿತ್ತು. ಧಪ್... ಸರ್‍ರ್. ಧಪ್... ಸರ್‍ರ್. ಬಲಗಡೆಗೆ ಬಂದು ನಿಂತಿತು. ಪ್ಲಾಸ್ಟರನ್ನು ನೋಡಿತೇನೋ. ಮತ್ತೆ ಮಂಚ ಸುತ್ತಿ ಎಡಗಡೆಗೆ ಬಂತು.

"ಗ್ರ್ಯಾಂಡ್," ಅಂದಿತು ಕಿವಿಯ ಹತ್ತಿರ. ಏನು ಮಾಡುತ್ತೀರೋ ಮೊದಲು ಹೇಳಬೇಕು. ಅದಕ್ಕೆ ಗೊತ್ತಿದ್ದದ್ದು ಅದೊಂದೇ ಮಾತು.

ಅವಳ ಎಡ ಅಂಗೈಯಲ್ಲಿ ತಣ್ಣಗೆ, ಗಟ್ಟಿಯಾಗಿ ಏನೋ ಬಂದು ಕೂತಿತು. ಅವಳ ಬೆರಳುಗಳನ್ನು ಅದರ ಸುತ್ತ ಮಡಚಿದವು ಯಾವುವೋ ಬೆರಳು. ಒಂದು. ಇನ್ನೊಂದು. ಮತ್ತೊಂದು. ಅವಸರವೇ ಇರಲಿಲ್ಲ. ಒಂದು ಬೆರಳಿಗೆ ಉಂಗುರವಿತ್ತು.

ಅವಳು ಹೆಬ್ಬೆರಳಿನಿಂದ ಒತ್ತಿದಳು.

ಕೆಳಗೆ... ಟಿಂಗ್.

ಕೀಬೋರ್ಡು ನಿಂತಿತು. ಕುರ್ಚಿ ಹಿಂದಕ್ಕೆ ಸರಿಯಿತು, ಕಿರ್‍ರ್. ಮುಂಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು. ಆಮೇಲೆ ಮೆಟ್ಟಿಲ ಮೇಲೆ ಎರಡು ಕಾಲಿನ ಹೆಜ್ಜೆ. ದರ್ಶನ್. ಹೆಡ್‌ಸೆಟ್ಟು ಕುತ್ತಿಗೆಗೆ ಜಾರಿತ್ತು, ಅದರೊಳಗಿಂದ ಅಮೆರಿಕಾದವರು ಹಲೋ ಹಲೋ ಅನ್ನುತ್ತಿದ್ದರು.

"ಯಾರೋ ಬೆಲ್ ಮಾಡಿದ್ರು," ಅಂದ. "ಹೆಡ್‌ಸೆಟ್ ಒಳಗೇ ಕೇಳಿಸ್ತು. ಹೋಗಿ ನೋಡಿದ್ರೆ ಯಾರೂ ಇಲ್ಲ..." ದನಿ ತಗ್ಗಿಸಿದ. "ಬಾಗಿಲಲ್ಲಿ ಸ್ವಿಚ್ಚೇ ಇಲ್ಲ ಕಣೆ."

"ನೀರು," ಅಂದಳು.

ದೀಪ ಹಾಕಿದ. ಅವಳ ಎಡಗೈಯಲ್ಲಿದ್ದ ಬಾಗಿಲ ಸ್ವಿಚ್ಚನ್ನು ನೋಡಿದ. ಲೋಟ ಎತ್ತಿ, ತಲೆ ಹಿಡಿದು ಕುಡಿಸಿದ. ಮಂಚದ ತುದಿಯಲ್ಲಿ ಕೂತ.

"ಕಾಲ್?"

"ಇರಲಿ," ಅಂದ. ಬೆಳಗಿನವರೆಗೆ ಅಲ್ಲೇ ಕೂತಿದ್ದ.

ಆಮೇಲೆ ಬಾವಿಯ ದಾರಿಯಲ್ಲಿ ಅವಳಿಗೆ ಏನೂ ಕೇಳಿಸಲಿಲ್ಲ. ಹಾದುಹೋಗುವಾಗ ಒಂದು ಗಳಿಗೆ ನಿಲ್ಲುತ್ತಾಳೆ, ಆದರೂ ಇಲ್ಲ. ಕೈ ಕೂಡಿದ ಮೇಲೆ ಪರೀಕ್ಷೆ ಕೊಟ್ಟು ಪಾಸೂ ಆದಳು. ಬೊಂಬೆಗೆ ಬೆಲ್ ಕೊಡುವ ಮುಂಚೆ, ಯಾವ ಕೈಗೆ ಕೊಡಲಿ, ಅಂತ ಕನ್ನಡದಲ್ಲಿ ಕೇಳಿ, ಉತ್ತರಕ್ಕೆ ಕಾದಳಂತೆ. ಬರ್ನಡೆಟ್‌ಗೆ ಅರ್ಥವಾಗದಿದ್ದರೂ ಪೂರ್ತಿ ಅಂಕ ಕೊಟ್ಟರು.

ಔಷಧದ ಮಂಪರಿನಲ್ಲಿ ಅವಳೇ ಕೆಳಗಿಳಿದು ಸ್ವಿಚ್ಚು ಕಿತ್ತು ತಂದಿರಬೇಕು, ಮನೆ ಹಳೆಯದು, ತೇವಕ್ಕೆ ವೈರುಗಳು ಏನು ಬೇಕಾದರೂ ಮಾಡುತ್ತವೆ ಅನ್ನುತ್ತಾನೆ ದರ್ಶನ್. ಇಂಜಿನಿಯರು, ಹಾಗೆನ್ನಲೇಬೇಕು. ಆ ಬೆಲ್ಲಿಗೆ ವೈರೇ ಇಲ್ಲ. ಅದು ಬಾರಿಸಿದರೆ ಡಿಂಗ್-ಡಾಂಗ್ ಅನ್ನುವಂಥದ್ದು, ಟಿಂಗ್ ಅಲ್ಲ. ಅನುಮಾನ ಇದ್ದವರು ಬಂದು ನೋಡಬಹುದು. ಸ್ವಿಚ್ಚು ಈಗ ಅವಳ ಮಂಚದ ಎಡಗಡೆ ಇದೆ. ಹಿಂದಿನ ಮುಚ್ಚಳ ತೆಗೆದರೆ ಒಳಗೆ ಖಾಲಿ. ಅದರ ಬ್ಯಾಟರಿ ಇವತ್ತಿಗೂ ದರ್ಶನ್‌ನ ಕಾರಿನ ಕೀಲಿಯಲ್ಲಿದೆ. ಕಾರು ಅದರಲ್ಲೇ ತೆರೆಯುತ್ತದೆ.