ಆಟದ ಪೆಟ್ಟಿಗೆಗೆ ಅಣ್ಣನ ಕೈಯಳತೆ

ಹಲೋ... ಹಲೋ, ಯಾರು ಮಾತಾಡ್ತಿರೋದು?... ಅಣ್ಣನಾ?

...ಓ, ಅತ್ತಿಗೆ! ನೀವಾ? ಗಂಟಲು ಯಾಕೆ ಹಾಗಾಗಿದೆ, ಗುರುತೇ ಸಿಗಲಿಲ್ಲ... ನೆಗಡಿನಾ. ಸದ್ಯ, ನೀವೇ ಎತ್ತಿದ್ರಲ್ಲ, ಬದುಕಿದೆ. ನಾನು ಅತ್ತಿಗೆ, ನಿಮ್ಮ ಮೈದುನ... ಇರೋನೇ ಒಬ್ಬ ಮೈದುನ, ಅವನ ಧ್ವನಿನೂ ಮರೆತುಹೋಯ್ತಾ?

...ಹಾಂ, ಗೊತ್ತು. ಫೋನ್ ಮಾಡಿ ತಿಂಗಳಾಯ್ತು. ಮನೆ ಕಡೆ ತಲೆ ಹಾಕಿ ಇನ್ನೂ ಜಾಸ್ತಿನೇ ಆಯ್ತು. ಕೆಲಸ ಅತ್ತಿಗೆ... ಹೌದು, ಕೆಲಸ ಎಲ್ಲರಿಗೂ ಇರುತ್ತೆ. ಒಪ್ಕೊಂಡೆ. ನೀವು ಬೈದು ಮುಗಿಸಿ, ಆಮೇಲೆ ನಾನು ಹೇಳ್ತೀನಿ... ಮುಗೀತಾ? ಅಣ್ಣ ಎಲ್ಲಿ?

...ಮಲಗಿದಾನಾ? ಊಟ ಆಗಿ ಎಷ್ಟೊತ್ತಾಯ್ತು?... ಹಾಗಿದ್ರೆ ಈಗ ಗೊರಕೆ ಹೊಡೆಯೋ ಹೊತ್ತು. ಒಳ್ಳೇದೇ ಆಯ್ತು. ಅತ್ತಿಗೆ, ಒಂದು ಉಪಕಾರ ಮಾಡ್ಬೇಕು. ಒಂದು ದೊಡ್ಡ ಹಾಳೆ ತಗೊಳ್ಳಿ, ಹಳೇ ನ್ಯೂಸ್ ಪೇಪರ್ ಆದ್ರೂ ನಡೆಯುತ್ತೆ. ಒಂದು ಪೆನ್ಸಿಲ್ ತಗೊಳ್ಳಿ. ಮೆಲ್ಲಗೆ ಹೋಗಿ ಅಣ್ಣನ ಬಲಗೈನ ಆ ಹಾಳೆ ಮೇಲಿಟ್ಟು, ಸುತ್ತ ಗೆರೆ ಎಳೀಬೇಕು. ಅವನಿಗೆ ಎಚ್ಚರ ಆಗ್ಬಾರ್ದು.

...ಇಲ್ಲ, ಹುಚ್ಚು ಹಿಡಿದಿಲ್ಲ... ಕುಡಿದೂ ಇಲ್ಲ, ಮಧ್ಯಾಹ್ನ ಮೂರು ಗಂಟೆ ಅತ್ತಿಗೆ!... ಆಸ್ತಿ ಬರೆಸ್ಕೊಳ್ಳೋಕೂ ಅಲ್ಲ. ನಮ್ಮಿಬ್ಬರಿಗೆ ಇರೋ ಆಸ್ತಿ ಒಂದು ಮರಗೆಲಸದ ಅಂಗಡಿ, ಅದರ ಬಾಗಿಲೂ ಸರಿಯಾಗಿ ಮುಚ್ಚಲ್ಲ. ನಗಬೇಡಿ, ಅವನು ಎದ್ದುಬಿಡ್ತಾನೆ.

...ಹೇಳ್ತೀನಿ, ಹೇಳ್ತೀನಿ. ಒಂದು ಪೆಟ್ಟಿಗೆ ಮಾಡ್ತಾ ಇದೀನಿ. ಆಟದ ಪೆಟ್ಟಿಗೆ... ಮಕ್ಕಳ ಆಟದ್ದಲ್ಲ, ವಿಡಿಯೋ ಗೇಮ್ ಆಡೋದು. ನಾವು ಹುಡುಗರಾಗಿದ್ದಾಗ ಟಾಕೀಸಿನ ಪಕ್ಕ ಒಂದು ಅಂಗಡಿ ಇತ್ತು. ಆಳೆತ್ತರದ ಮಿಷನ್‌ಗಳು, ಕಾಸು ಹಾಕಿ ಆಡೋದು. ಎಡಗೈಲಿ ಒಂದು ಗೂಟ ಹಿಡ್ಕೊಂಡು ಆ ಕಡೆ ಈ ಕಡೆ ತಳ್ಳೋದು, ಬಲಗೈಲಿ ಬಟನ್ ಒತ್ತೋದು. ಅಣ್ಣ ಅಲ್ಲಿ ರಾಜ ಅತ್ತಿಗೆ. ಯಾವ ಮಿಷನ್ ನೋಡಿದ್ರೂ ಎಲ್ಲರಿಗಿಂತ ಮೇಲೆ ಅವನ ಹೆಸರಿನ ಮೂರಕ್ಷರ... ನಿಮಗೆ ಹೇಳೇ ಇಲ್ವಾ? ಮದುವೆಯಾದ ಹೊಸದರಲ್ಲಿ ದೊಡ್ಡ ಮನುಷ್ಯನ ಹಾಗೆ ಇರ್ಬೇಕು ಅನ್ನಿಸಿರುತ್ತೆ ಬಿಡಿ.

...ನಾನಾ? ನಾನು ಪಕ್ಕ ನಿಂತು ನೋಡ್ತಿದ್ದೆ. ಕೊನೇ ಜೀವ ಉಳಿದಾಗ ಒಂದೊಂದ್ಸಲ ನನಗೆ ಬಿಟ್ಟುಕೊಡ್ತಿದ್ದ, 'ಬಾರೋ, ನೀನೂ ಆಡು' ಅಂತ. ನಾನು ಅರ್ಧ ನಿಮಿಷದಲ್ಲಿ ಸಾಯಿಸಿ ಕೂರ್ತಿದ್ದೆ. ಒಂದು ದಿನವೂ ಬೈಲಿಲ್ಲ ಅವನು.

...ಅದೇ, ಅಂಥದ್ದೇ, ಆದ್ರೆ ಚಿಕ್ಕದು. ಮೇಜಿನ ಮೇಲಿಡೋ ಅಷ್ಟು... ಕೊಂಡಿದ್ದಲ್ಲ ಅತ್ತಿಗೆ, ಒಂದೊಂದೂ ಕೈಯಾರೆ ಮಾಡಿದ್ದು. ಮೊದಲು ರಟ್ಟಿನಲ್ಲಿ ಮಾಡಿ ನೋಡಿದೆ, ಮೂರು ಸಲ ಕೆಟ್ಟಿತು. ಆಮೇಲೆ ಪ್ಲೈವುಡ್ ಕುಯ್ದೆ. ಹಳೇ ಕಂಪ್ಯೂಟರಿನ ಪರದೆನ ಒಳಗೆ ಸ್ವಲ್ಪ ವಾಲಿಸಿ ಕೂರಿಸಿದೀನಿ. ಹಿಂದೆ ಅಂಗೈಯಷ್ಟು ಒಂದು ಬೋರ್ಡು, ಆಟ ಎಲ್ಲಾ ಅದರೊಳಗೇ ಇರೋದು. ಬಿಸಿಯಾಗುತ್ತೆ ಅಂತ ಬೆನ್ನಿಗೆ ತೂತು ಕೊರೆದೆ. ವೈರ್ ಜೋಡಿಸೋಕೆ ಎರಡು ವಾರ ಹಿಡೀತು. ಗೂಟ ಮೇಲಕ್ಕೆ ತಳ್ಳಿದ್ರೆ ಗೊಂಬೆ ಕೆಳಕ್ಕೆ ಹೋಗೋದು! ಪಕ್ಕದ ಅಂಗಡಿ ವೆಲ್ಡರ್ ಬಂದು ನೋಡಿ, 'ಬಡಗಿಗೆ ಯಾಕಪ್ಪಾ ಕರೆಂಟಿನ ಸಹವಾಸ' ಅಂದ.

...ಯಾರಿಗೆ ಅಂದ್ರೆ? ಅಣ್ಣನಿಗೆ. ಮತ್ಯಾರಿಗೆ.

...ಅದೇ ಬರ್ತಿದೀನಿ, ಕೈ ಯಾಕೆ ಅಂತ. ಬಟನ್ ಕೂರಿಸೋ ಹಲಗೆ ಇದೆಯಲ್ಲ, ಅದರ ಮೇಲೆ ನನ್ನ ಕೈ ಇಟ್ಟೆ. ಬೆರಳು ಎಲ್ಲೆಲ್ಲಿ ಬಿತ್ತೋ ಅಲ್ಲಲ್ಲಿ ಗುರುತು ಹಾಕಿ ಆರು ತೂತು ಕೊರೆದೆ. ಚೆನ್ನಾಗಿ ಬಂತು. ಬಟನ್ ಕೂರಿಸಿ, ಕೂತು ಒಂದಾಟ ಆಡಿದೆ. ಆಡ್ತಾ ಆಡ್ತಾ ನನ್ನ ಕೈನೇ ನೋಡ್ಕೊಂಡೆ ಅತ್ತಿಗೆ. ತೋರುಬೆರಳು, ನಡುಬೆರಳು. ಆಟ ಪೂರ್ತಿ ಅವೆರಡೇ ಆಡೋದು.

...ಹೂಂ. ಅವನಿಗೆ ಅವೆರಡೇ ಇಲ್ಲ.

...ಅವನಿಗೆ ಅಂತಲೇ ಮಾಡ್ತಾ ಇದ್ದೆ ಅತ್ತಿಗೆ! ಬೆರಳು ಹೋಗಿ ವರ್ಷ ಆಯ್ತು, ನೆನಪು ಮಾಡ್ಕೊಳ್ಳದ ದಿನ ಇಲ್ಲ. ಕೊರೆಯೋ ಹೊತ್ತಿಗೆ ಮಾತ್ರ ಮರೆತೆ. ಅದು ಹೇಗೆ ಮರೆತೆ ಅಂತ ನನಗೇ ಅರ್ಥ ಆಗ್ತಿಲ್ಲ. ಆ ಹಲಗೆ ಒಲೆಗೆ ಹಾಕಿದೆ. ಈಗ ಹೊಸದು ಮಾಡ್ಬೇಕು. ಹೆಬ್ಬೆರಳು, ಉಂಗುರದ ಬೆರಳು, ಕಿರುಬೆರಳು, ಈ ಮೂರೂ ಹಾಯಾಗಿ ಎಲ್ಲಿ ಬೀಳುತ್ತೆ ಅಂತ ಗೊತ್ತಾದ್ರೆ ಬಟನ್ ಅಲ್ಲೇ ಇಡ್ತೀನಿ. ಅದಕ್ಕೇ ಗೆರೆ ಎಳೀರಿ ಅಂದಿದ್ದು.

...ಅವನನ್ನೇ ಕೇಳೋಕಾಗಲ್ಲ ಅತ್ತಿಗೆ... ಯಾಕೆ ಅಂದ್ರೆ, ಆಗಲ್ಲ ಅಷ್ಟೇ. 'ನಿನ್ನ ಕೈ ತೋರ್ಸು, ಅಳತೆ ತಗೋತೀನಿ' ಅಂತ ಯಾವ ಬಾಯಲ್ಲಿ ಕೇಳ್ಲಿ?

...ಏನು ಬಿತ್ತು? ಲೋಟನಾ? ಇವತ್ತು ಬೆಳಿಗ್ಗೆ?... ಬಿಸಿ ಇತ್ತಾ? ಕಾಲ ಮೇಲೆ ಬೀಳಲಿಲ್ಲ ತಾನೇ?... ಅತ್ತಿಗೆ, ಹಾಗನ್ನಬೇಡಿ. 'ಮೈಮೇಲೆ ಎಚ್ಚರ ಇಲ್ಲದೋರಿಗೆ ಇಷ್ಟೇ' ಅಂದ್ರಾ? ಅವನ ಮುಖದ ಮೇಲೇ?... ಅದಕ್ಕೆ ಅವನೇನಂದ?

...ಬಟ್ಟೆ ತಂದು ಒರೆಸಿದನಾ. ಅಷ್ಟೇನಾ. ಹೂಂ.

...ದಿನಾ ಅಂತೀರಾ? ಈ ಮಾತು ದಿನಾ ಅಂತೀರಾ ಅತ್ತಿಗೆ? ಒಂದು ವರ್ಷದಿಂದ?

...ಹೌದು, ನಿಮ್ಮ ಸಂಕಟ ನನಗೆ ಗೊತ್ತಾಗುತ್ತೆ. ಇಪ್ಪತ್ತು ವರ್ಷ ಮರ ಕುಯ್ದವನು ಒಂದು ಕ್ಷಣ ಮೈ ಮರೆತ ಅಂತ ನಿಮಗೆ ಕೋಪ. ಆದ್ರೆ ಅವನು ಮೈ ಮರೀಲಿಲ್ಲ... ಇಲ್ಲ, ಸಮಾಧಾನಕ್ಕೆ ಹೇಳ್ತಿಲ್ಲ. ನಿಂತಿದೀರಾ? ಕೂತ್ಕೊಳ್ಳಿ ಅತ್ತಿಗೆ. ಒಂದು ನಿಮಿಷ ಕೂತ್ಕೊಳ್ಳಿ.

...ನಮ್ಮ ಗರಗಸದ ಮಿಷನ್ ನೋಡಿದೀರಲ್ಲ, ಮೇಜಿನ ಮಧ್ಯೆ ಬ್ಲೇಡ್ ತಿರುಗುತ್ತೆ. ಆ ಬ್ಲೇಡಿನ ಮೇಲೆ ಒಂದು ಗಾರ್ಡ್ ಇರುತ್ತೆ, ಗಾಜಿನ ಥರ ಪ್ಲಾಸ್ಟಿಕ್ಕಿಂದು, ಕೈ ತಗಲದೇ ಇರ್ಲಿ ಅಂತ. ಹಲಗೆನ ಪೂರ್ತಿ ಕುಯ್ಯದೆ ಬರೀ ಗೀರು ತೆಗೀಬೇಕಾದ್ರೆ ಅದು ಅಡ್ಡ ಬರುತ್ತೆ, ಬಿಚ್ಚಿಡಬೇಕು. ಅದಕ್ಕೆ ಅಣ್ಣ ಒಂದು ಪದ್ಧತಿ ಮಾಡಿದ್ದ. ಗಾರ್ಡ್ ಬಿಚ್ಚಿದೋನು ಸ್ವಿಚ್ಚಿಗೆ ಕೆಂಪು ಬಟ್ಟೆ ಕಟ್ಟಬೇಕು. ಬಟ್ಟೆ ಇಲ್ಲ ಅಂದ್ರೆ ಗಾರ್ಡ್ ಇದೆ ಅಂತ ಲೆಕ್ಕ. ನಾವಿಬ್ಬರೂ ಬ್ಲೇಡ್ ನೋಡ್ತಾನೇ ಇರಲಿಲ್ಲ, ಸ್ವಿಚ್ ನೋಡ್ತಿದ್ವಿ.

...ಹಾಂ. ಆವತ್ತು ಗಾರ್ಡ್ ಬಿಚ್ಚಿದ್ದು ನಾನು. ಬಟ್ಟೆ ಕಟ್ಟಲಿಲ್ಲ. ಹೊರಗಡೆ ಲಾರಿ ಬಂತು, ಮರ ಇಳಿಸ್ಕೊಂಡು ಬಂದು ಗಾರ್ಡ್ ವಾಪಸ್ ಹಾಕಿದ್ರಾಯ್ತು ಅಂತ ಹೋದೆ. ಅಣ್ಣ ಒಳಗೆ ಬಂದ, ಸ್ವಿಚ್ ನೋಡಿದ, ಬಟ್ಟೆ ಇರಲಿಲ್ಲ, ಹಾಕಿದ. ಅಷ್ಟೇ ನಡೆದಿದ್ದು. ಅವನ ಕಡೆಯಿಂದ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ ಅತ್ತಿಗೆ.

...ಹೌದು ಅತ್ತಿಗೆ, ನಾನೇ.

...ಆಸ್ಪತ್ರೆಗೆ ಹೋಗೋವಾಗ ಗಾಡಿಲಿ ಅವನ ಕೈಗೆ ಟವೆಲ್ ಸುತ್ತಿ ಎದೆಗೆ ಒತ್ತಿ ಹಿಡ್ಕೊಂಡಿದ್ದೆ. ಗಾರ್ಡಿನ ನಾಲ್ಕು ಸ್ಕ್ರೂ ನನ್ನ ಅಂಗಿ ಜೇಬಿನಲ್ಲೇ ಇದ್ವು, ಚುಚ್ತಾ ಇದ್ವು. ಡಾಕ್ಟರು 'ಹೇಗಾಯ್ತು' ಅಂದ್ರು. ಅಣ್ಣ ನನ್ನ ಮುಖ ನೋಡಿದ. ನೋಡ್ಕೊಂಡೇ 'ನನ್ನದೇ ಗಮನ ಇರಲಿಲ್ಲ ಸಾರ್' ಅಂದ. ನಾನು ಪಕ್ಕದಲ್ಲೇ ನಿಂತಿದ್ದೆ. ನನಗೂ ಬಾಯಿತ್ತು ಅತ್ತಿಗೆ.

...ಇಲ್ಲ, ಆಮೇಲೂ ಹೇಳಲಿಲ್ಲ. ಆ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ... ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಯಾರಾದ್ರೂ 'ಅಣ್ಣ ಹೇಗಿದಾನೆ' ಅಂದ್ರೂ ಸಾಕು, ನಾನು ಜೇಬು ಮುಟ್ಟಿ ನೋಡ್ಕೋತೀನಿ. ಅದಕ್ಕೇ ಮನೆ ಕಡೆ ಬರೋದು ಬಿಟ್ಟೆ. ಕೆಲಸ ಗಿಲಸ ಎಲ್ಲಾ ಸುಳ್ಳು.

...ಅಳಬೇಡಿ. ಅತ್ತಿಗೆ, ಅಳಬೇಡಿ... ನೀವು ಅಂದಿದ್ದೆಲ್ಲಾ ನನಗೆ ಸೇರಬೇಕಾದ ಮಾತು. ನಿಮಗೆ ಗೊತ್ತಿರಲಿಲ್ಲ. ಗೊತ್ತಿದ್ದೋನು ನಾನು, ಬಾಯಿ ಮುಚ್ಕೊಂಡು ಆಟದ ಪೆಟ್ಟಿಗೆ ಮಾಡ್ತಾ ಕೂತಿದ್ದೆ. ಮೂರು ಕೈ ಬಣ್ಣ ಹೊಡೆದ್ರೆ ಮುಚ್ಚಿಹೋಗುತ್ತೆ ಅಂದ್ಕೊಂಡೆನೋ ಏನೋ.

...ಬೈಯಿರಿ ಅತ್ತಿಗೆ, ಬೈಯಿರಿ... ಯಾರದು ಹಿಂದೆ? ಎದ್ದನಾ? ಅಯ್ಯೋ. ಅತ್ತಿಗೆ, ಅವನ ಕೈಗೆ ಫೋನ್ ಕೊಡಬೇಡಿ, ನಾನು ಆಮೇಲೆ... ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ...

...ಅಣ್ಣ.

...ಹೂಂ, ನಾನೇ... ಚೆನ್ನಾಗಿದೀನಿ. ನೀನು?

...ಅತ್ತಿಗೆ ಯಾಕೆ ಅಳ್ತಿದಾರೆ ಅಂದ್ರೆ... ನಾನು ಹೇಳ್ಬಿಟ್ಟೆ ಅಣ್ಣ. ಆವತ್ತಿಂದು. ಎಲ್ಲಾ.

...ಬೇಕಿತ್ತು ಅಣ್ಣ. ಅವರು ದಿನಾ ನಿನಗೇ ಅಂತಿದ್ರಂತೆ, ನೀನು ತುಟಿ ಬಿಚ್ಚದೆ ಕೇಳಿಸ್ಕೋತಿದ್ದೆಯಂತೆ. ಬೇಡ ಅಂತ ಹೇಗಂತೀಯ?

...ಪೆಟ್ಟಿಗೆನಾ? ಓ, ಅತ್ತಿಗೆ ಪಕ್ಕದಿಂದ ಅದೂ ಹೇಳ್ತಿದಾರಾ. ಹೌದು, ನಮ್ಮ ಟಾಕೀಸ್ ಪಕ್ಕದ್ದೇ ಥರ... ಪ್ಲೈವುಡ್ಡೇ. ಹದಿನೆಂಟು ಎಂಎಂ... ತಳದ ಹಲಗೆನಾ? ಮೊಳೆ ಹೊಡೆದಿಲ್ಲ ಅಣ್ಣ, ಪಕ್ಕದ ಹಲಗೆಗಳಲ್ಲಿ ಗೀರು ತೆಗೆದು ಕೂರಿಸಿದೀನಿ, ನೀನು ಹೇಳಿಕೊಟ್ಟ ಹಾಗೆ.

...ಯಾವುದರಲ್ಲಿ ಅಂದ್ರೆ, ಅದೇ ಮಿಷನ್ನಲ್ಲಿ.

...ಗಾರ್ಡಾ?

......

...ಇಲ್ಲ ಅಣ್ಣ. ಇನ್ನೂ ಹಾಕಿಲ್ಲ.

...ಮೂರು ವಾರ ಆಯ್ತು ಬಿಚ್ಚಿ... ಬಟ್ಟೆನೂ ಕಟ್ಟಿಲ್ಲ. ಯಾರಿಗೆ ಅಂತ ಕಟ್ಟಲಿ? ಅಂಗಡೀಲಿ ನಾನೊಬ್ಬನೇ ಅಲ್ವಾ ಇರೋದು.

...ಏನಂದೆ? ನೀನಾ? ನಾಳೆ ನೀನು ಬಂದ್ರೆ?... ಬರ್ತೀಯಾ ಅಣ್ಣ? ಇಲ್ಲಿಗೆ?... ಸರಿ, ಸರಿ, ಕೂಗಬೇಡ, ಹಾಕ್ತೀನಿ. ಈಗ್ಲೇ ಹಾಕ್ತೀನಿ. ಫೋನ್ ಇಟ್ಟುಬಿಡ್ಲಾ?... ಇಡಬಾರ್ದಾ. ಆಯ್ತು, ಮಿಷನ್ ಮೇಲೆ ಇಟ್ಟಿರ್ತೀನಿ, ನೀನು ಕೇಳಿಸ್ಕೋತಾ ಇರು... ಹಾಂ, ಪ್ಲಗ್ ಕಿತ್ತೆ. ಮೊದಲು ಅದನ್ನೇ ಕಿತ್ತೆ.

......

...ಎರಡು ಸ್ಕ್ರೂ ಆಯ್ತು ಅಣ್ಣ. ಕೇಳಿಸ್ತಿದೆಯಾ?

......

...ಆಯ್ತು. ನಾಲ್ಕೂ ಬಿಗಿ ಮಾಡಿದೆ, ಅಲ್ಲಾಡಿಸಿ ನೋಡಿದೆ, ಗಟ್ಟಿ ಇದೆ.

...ಎಷ್ಟೊತ್ತು ಹಿಡೀತು ಅಂದ್ರೆ... ಎರಡು ನಿಮಿಷ. ಎರಡೂ ಆಗಲಿಲ್ಲ ಅಣ್ಣ.

......

...ಹೌದಣ್ಣ. ಆವತ್ತೂ ಹಾಕೋಕೆ ಅಷ್ಟೇ ಹಿಡೀತಿತ್ತು.

...ಅಣ್ಣ?... ಹಲೋ?... ನಾಳೆ ಬರ್ತೀಯಲ್ಲ ಅಣ್ಣ... ಹಲೋ, ಲೈನ್ ಹೋಯ್ತಾ, ನೀನೇ ಇಟ್ಯಾ?... ಹಲೋ...