ಬೇಸಿಗೆಯಲ್ಲಿ ದಾರಿಯಾಗುವ ಹಳ್ಳ

ವೇದಿಕೆಯ ಮೇಲಿರುವ ಹಿರಿಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಮೇಡಂ ಅವರ ತಾಯಿ ಜುಬೇದಾ ಬೀ ಅವರೇ, ತಂದೆ ಶೇಖಾವಲಿ ಸಾಹೇಬರೇ, ನಮ್ಮ ಕಾಲೇಜಿನ ಮಕ್ಕಳೇ — ಎಲ್ಲರಿಗೂ ನಮಸ್ಕಾರ.

ಖುಷ್ನುಮಾ ಮೇಡಂ ಬಗ್ಗೆ ಅಳುತ್ತಾ ಮಾತಾಡಿದರೆ ಅವರಿಗೇ ಸಿಟ್ಟು ಬಂದೀತು. ಅದಕ್ಕೆ ನಮ್ಮಿಬ್ಬರ ಜಗಳದ ಕಥೆ ಹೇಳುತ್ತೇನೆ.

ಅವರು ಕಂಪ್ಯೂಟರ್ ಕಲಿಸುತ್ತಿದ್ದರು, ನಾನು ಭೂಗೋಳ. ಹರಪನಹಳ್ಳಿ ತಾಲ್ಲೂಕಿನ ಆಂಬುಲೆನ್ಸ್‌ಗಳಿಗಾಗಿ ಒಂದು ನಕ್ಷೆ ಮಾಡಲು ಹೊರಟಿದ್ದೆವು. ನಕ್ಷೆ ಬರೆಯುವವರ ತಲೆಯಲ್ಲಿರುವ ತಿಳಿವಳಿಕೆ — ಕೆರೆ ಅಂದರೇನು, ಸೇತುವೆ ಅಂದರೇನು, ಯಾವುದನ್ನು ಯಾವಾಗ ತೋರಿಸಬೇಕು — ಇದನ್ನೆಲ್ಲ ಕಂಪ್ಯೂಟರಿಗೆ ನಿಯಮಗಳಾಗಿ ಬರೆದು ಕಲಿಸುವುದು ಅವರ ಕೆಲಸ. ಅದಕ್ಕೆ ಆಂಟಾಲಜಿ ಎನ್ನುತ್ತಾರೆ.

ತೆಲಿಗಿ ಹತ್ತಿರದ ಒಂದು ಹಳ್ಳದಲ್ಲಿ ನಮ್ಮ ಕೆಲಸ ಸಿಕ್ಕಿಬಿತ್ತು. ಬೇಸಿಗೆಯಲ್ಲಿ ಅದರೊಳಗೇ ಟ್ರ್ಯಾಕ್ಟರ್, ಬೈಕು ಎಲ್ಲ ಓಡಾಡುತ್ತವೆ. "ಇದು ದಾರಿ" ಎಂದರು ಅವರು. "ಹಳ್ಳ" ಎಂದೆ ನಾನು. ಎರಡೂ ಬರೆದರೆ ಕಂಪ್ಯೂಟರ್ ಒಪ್ಪಲಿಲ್ಲ — ದಾರಿಯಾದದ್ದು ಹಳ್ಳವಾಗಕೂಡದು ಎಂದು ನಾವೇ ಅದಕ್ಕೆ ಕಲಿಸಿದ್ದೆವಲ್ಲ! ಸ್ಟಾಫ್ ರೂಮಿನಲ್ಲಿ ಮಾತು ಬಿಟ್ಟೆವು.

ಒಂದು ದಿನ ಚಹಾದಂಗಡಿಯಲ್ಲಿ ಅವರೇ ಎದುರಿಗೆ ಬಂದು ಕುಳಿತರು.

"ಓಬಳೇಶ್ ಸರ್, ನೀವು ಮನುಷ್ಯಾರೋ, ಮೇಷ್ಟ್ರೋ?"

"ಎರಡೂ ಅದೀನ್ರಿ."

"ರಿಟೈರ್ ಆದ ಮ್ಯಾಲೆ?"

"ಮನುಷ್ಯಾ ಅಷ್ಟ."

ಗ್ಲಾಸನ್ನು ಹೀಗೆ — ಠಕ್ಕೆಂದು ಕುಕ್ಕಿದರು. "ಹಂಗಾರ ಮುಗೀತು ನೋಡ್ರಿ! ಹಳ್ಳ ಯಾವಾಗ್ಲೂ ಹಳ್ಳಾನ. ಬ್ಯಾಸಗ್ಯಾಗ ದಾರಿ ಕೆಲಸ ಮಾಡತೈತಿ. ಮಳಿಗಾಲದಾಗ ಆ ಕೆಲಸಕ್ಕ ರಜಾ!"

ಜಗಳ ಮುಗಿಯಿತು. ಚಹಾದ ದುಡ್ಡು ಮಾತ್ರ ನಾನೇ ಕೊಟ್ಟೆ.

ಕಳೆದ ಮಳೆಗಾಲದಲ್ಲಿ ಆ ಹಳ್ಳದಾಚೆಯ ಊರಿನ ಶಿವಮ್ಮನಿಗೆ ಹೆರಿಗೆ ನೋವು ಬಂತು. ಆಂಬುಲೆನ್ಸ್ ಓಡಿಸುವ ಹುಲುಗೇಶ ಈ ಕಡೆಗೆ ಹೊಸಬ. ನಮ್ಮ ನಕ್ಷೆ ಹಳ್ಳದ ದಾರಿ ಮುಚ್ಚಿ, ಅವನನ್ನು ಸೇತುವೆಯ ಕಡೆಗೆ ತಿರುಗಿಸಿತು. ಹಳ್ಳ ಆಗ ದಡ ಮೀರಿ ಹರಿಯುತ್ತಿತ್ತು. ಶಿವಮ್ಮ ಅಗೋ, ಅಲ್ಲಿ ಕೂತಿದ್ದಾರೆ — ತೊಡೆಯ ಮೇಲಿನ ಮಗಳು ಮೈಕನ್ನೇ ನೋಡುತ್ತಿದ್ದಾಳೆ!

ಸುದ್ದಿ ತಿಳಿಸಲು ಹೋದಾಗ ಮೇಡಂ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಹಿಗ್ಗಿ ನಕ್ಕರು. ಆಮೇಲೆ ಹುಬ್ಬು ಗಂಟಿಕ್ಕಿದರು. "ಸರ್, ಸೇತುವಿ ಮ್ಯಾಲೇ ನೀರು ಬಂದ್ರ? ಅದನ್ನ ಬರದೇ ಇಲ್ಲಲ್ರಿ ನಾವು!"

"ಮೊದ್ಲು ನೀವು ಆರಾಮಾಗ್ರಿ."

"ನೀರು ಕಾಯಂಗಿಲ್ರಿ ಸರ್."

ಆ ನಿಯಮವನ್ನು ಅವರ ವಿದ್ಯಾರ್ಥಿಗಳು ನಿನ್ನೆ ಬರೆದು ಮುಗಿಸಿದರು. ಕಂಪ್ಯೂಟರ್ ಒಂದೇ ಸಲಕ್ಕೆ ಒಪ್ಪಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ — ಎಲ್ಲರೂ ಅವರ ಖಾಲಿ ಕುರ್ಚಿಯ ಕಡೆಗೆ ನೋಡಿದರು.

ದಯಮಾಡಿ ಎಲ್ಲರೂ ಎದ್ದು ನಿಲ್ಲೋಣ. ಮೇಡಂ ನೆನಪಿಗೆ ಒಂದು ನಿಮಿಷ ಮೌನವಾಗಿರೋಣ.

ಶಿವಮ್ಮ — ಮಗು ಸದ್ದು ಮಾಡಿದರೆ ಮಾಡಲಿ. ಹೊರಗೆ ಕರೆದುಕೊಂಡು ಹೋಗಬೇಡಮ್ಮ.