ನಾಲ್ಕು ಹತ್ತರ ಗಡಿಯಾರ

ಮಧ್ಯಾಹ್ನ ಹಿಡಿದ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಗಡಿಯಾರಕ್ಕೆ ಬ್ಯಾಟರಿ ಹಾಕಿಸಲು ಬಂದಿದ್ದ ನಾನು ಆ ಪುಟ್ಟ ರಿಪೇರಿ ಅಂಗಡಿಯಲ್ಲಿ ಸಿಕ್ಕಿಬಿದ್ದಿದ್ದೆ. ಕರೆಂಟು ಹೋಗಿ ಹೊಲಿಗೆ ಯಂತ್ರ ನಿಂತಿತೆಂದು ಪಕ್ಕದ ಟೈಲರ್, ಗಿರಾಕಿಗಳೇ ಇಲ್ಲವೆಂದು ಔಷಧಿ ಅಂಗಡಿಯ ಅಕ್ಕ, ಇಬ್ಬರೂ ಅಲ್ಲಿಗೇ ಬಂದು ಸೇರಿದ್ದರು. ಗೋಡೆಯ ಮೇಲೆ ಹದಿನೇಳು ಗಡಿಯಾರಗಳು ಹದಿನೇಳು ಹೊತ್ತು ತೋರಿಸುತ್ತಿದ್ದವು. ಹೊರಗೆ ಬೀದಿಯ ಆಚೆ ಬದಿಯಲ್ಲಿ, ಮೂರಂತಸ್ತಿನ ಕಟ್ಟಡದ ನೆತ್ತಿಯ ಮೇಲಿದ್ದ ಕಬ್ಬಿಣದ ಜಾಹೀರಾತು ಫಲಕ ಗಾಳಿಗೆ ಕಿರುಗುಟ್ಟುತ್ತಿತ್ತು.

ಅಂಗಡಿಯ ಯಜಮಾನನಿಗೆ ಎಂಬತ್ತು ದಾಟಿದೆ. ತೊಂಬತ್ತೈದು ಎಂದು ಅವನೇ ಹೇಳಿಕೊಳ್ಳುತ್ತಾನೆ. ಎಲ್ಲರೂ ಕರೆಯುವುದು ಮುಳ್ಳಜ್ಜ ಎಂದು. ಗಡಿಯಾರದ ಮುಳ್ಳಿನಿಂದ ಬಂದ ಹೆಸರೋ ಅವನ ನಾಲಿಗೆಯಿಂದ ಬಂದದ್ದೋ, ಕೇಳುವ ಧೈರ್ಯ ಯಾರಿಗೂ ಆಗಿಲ್ಲ. ಮೊಸಳೆ ನುಂಗಿದ ಗಡಿಯಾರವನ್ನು ಮೊಸಳೆಯ ಹೊಟ್ಟೆಯೊಳಗೇ ರಿಪೇರಿ ಮಾಡಿದೆನೆಂದು ನನ್ನೆದುರೇ ಆಣೆ ಮಾಡಿ ಹೇಳಿದ ಮನುಷ್ಯ ಅವನು.

ಟೈಲರ್ ಕೊಡೆ ಬಿಚ್ಚಿದ. "ಸ್ವಲ್ಪ ಕಮ್ಮಿ ಆಯ್ತು ಅಜ್ಜ. ಆಚೆ ಹೋಗಿ ಒಂದು ಟೀ ಕುಡಿದು ಬರ್ತೀನಿ."

ಅಜ್ಜ ತನ್ನ ಮಣಿಕಟ್ಟು ನೋಡಿಕೊಂಡ. ಸ್ವೆಟರಿನ ತೋಳನ್ನು ಅದರ ಮೇಲೆ ಎಳೆದುಕೊಂಡ.

"ಕೂತ್ಕೊಳ್ಳೋ. ಟೀ ಏನು ಊರು ಬಿಟ್ಟು ಓಡಿಹೋಗುತ್ತಾ? ಒಂದು ದೆವ್ವದ ಕತೆ ಹೇಳ್ತೀನಿ."

"ಹಾಡುಹಗಲಲ್ಲಿ ದೆವ್ವವೇ?" ಎಂದು ಅಕ್ಕ ನಕ್ಕಳು.

"ನನ್ನ ದೆವ್ವ ಮಿಲಿಟರಿದಮ್ಮ. ಕತ್ತಲಾಗಲಿ ಅಂತ ಕಾಯಲ್ಲ, ಡ್ಯೂಟಿ ಟೈಮಿಗೆ ಬರುತ್ತೆ," ಎಂದ ಅಜ್ಜ. ಟೈಲರ್ ಕೊಡೆ ಮಡಚಿ ಕುಳಿತ. ಅಜ್ಜ ಶುರು ಮಾಡಿದ.

"ಆಗ ನನ್ನ ಕೈ ಹೇಗಿತ್ತು ಅಂದ್ರೆ... ಸತ್ತ ಗಡಿಯಾರದ ಮುಂದೆ ನಾನು ಒಂದು ಸಲ ಕೆಮ್ಮಿದ್ರೆ ಸಾಕು, ಎದ್ದು ಕೂತು ಟೈಮ್ ಹೇಳ್ತಿತ್ತು. ನಗಬೇಡವೋ ಟೈಲರ್, ನೀನು ಹೊಲಿಯೋ ಪ್ಯಾಂಟಿನ ಹಾಗಲ್ಲ, ನನ್ನ ಕೆಲಸಕ್ಕೆ ಒಂದು ಅಳತೆ ಅಂತ ಇತ್ತು. ಅಂಥಾ ಕಾಲದಲ್ಲಿ ಒಂದು ದಿನ ಈ ಬಾಗಿಲಲ್ಲಿ ಒಬ್ಬ ಬಂದು ನಿಂತ. ಎಷ್ಟು ಎತ್ತರ ಅಂದ್ರೆ, ಅವನು ಬಗ್ಗಿ ಒಳಗೆ ಬರೋ ಹೊತ್ತಿಗೆ ನಾನೊಂದು ಟೇಬಲ್ ಗಡಿಯಾರ ಬಿಚ್ಚಿ ಜೋಡಿಸಿದ್ದೆ. ಮೈಯೆಲ್ಲಾ ಕಲ್ಲುಪುಡಿ, ಕಣ್ಣುರೆಪ್ಪೆ ಮೇಲೂ ಕಲ್ಲುಪುಡಿ. ಕಲ್ಲು ಕ್ವಾರಿಯಲ್ಲಿ ಮದ್ದಿಟ್ಟು ಬಂಡೆ ಸಿಡಿಸೋ ಮೇಸ್ತ್ರಿ. ಅಂಗೈ ಬಿಚ್ಚಿದ... ಒಳಗೊಂದು ಮಿಲಿಟರಿ ವಾಚು.

"ಅವನ ತಾತಂದಂತೆ. ಕರೀ ಡಯಲ್ಲು ಕಾಫಿ ಬಣ್ಣಕ್ಕೆ ತಿರುಗಿದೆ, ಕತ್ತಲಲ್ಲಿ ಹೊಳೀಬೇಕಾದ ಅಂಕಿಗಳು ಹಳದಿಯಾಗಿ ಉದುರ್ತಾ ಇವೆ, ಬೆನ್ನ ಮೇಲೆ ಪಲ್ಟನ್ನಿನ ನಂಬರು, ಬೆಲ್ಟು ಕಚ್ಚೋ ಜಾಗದಲ್ಲಿ ಹಸಿರು ಕಿಲುಬು. ಯುದ್ಧ ಮುಗಿಸಿ ಬಂದ ತಾತ ಅದನ್ನ ಒಂದು ದಿನವೂ ಕಟ್ಟಲಿಲ್ಲವಂತೆ, ಬಿಸಾಕಲೂ ಇಲ್ಲವಂತೆ. ಸತ್ತಮೇಲೆ ಟ್ರಂಕಿನ ತಳದಲ್ಲಿ ಸಿಕ್ಕಿತು ಅಂದ. 'ಯಜಮಾನ್ರೇ, ಶೋಕಿಗಲ್ಲ. ದಿನಾ ಕಟ್ಕೊಂಡು ಕೆಲಸಕ್ಕೆ ಹೋಗ್ಬೇಕು. ಆಗುತ್ತಾ?' ಅಂದ. ಆಗುತ್ತಾ ಅಂತ! ಯಾರನ್ನ ಕೇಳ್ತಿದಾನೆ? ನನ್ನನ್ನ!

"ಬಿಚ್ಚಿದೆ. ಒಂದೊಂದು ತಿರುಪೂ ತುಕ್ಕು ಹಿಡಿದು ಹಟ ಮಾಡ್ತಿತ್ತು, ಒಂದೊಂದಕ್ಕೂ ಎಣ್ಣೆ ಹಾಕಿ ಮಗು ಥರ ರಮಿಸಿದೆ. ಚಕ್ರಗಳನ್ನ ಪೆಟ್ರೋಲಲ್ಲಿ ತೊಳೆದೆ, ಸ್ಪ್ರಿಂಗು ಬದಲಿಸಿದೆ, ಹೊಸ ಗಾಜು ಕೂರಿಸಿದೆ. ಡಯಲ್ಲಿಗೆ ಮಾತ್ರ ಬಣ್ಣ ಮುಟ್ಟಿಸಲಿಲ್ಲ. ಮುದುಕರ ಮುಖಕ್ಕೆ ಪೌಡರ್ ಬಳಿದ್ರೆ ಅದು ರಿಪೇರಿ ಅಲ್ಲ ಕಣಮ್ಮ, ವೇಷ.

"ಈಗ ಒಂದು ವಿಷಯ ಸರಿಯಾಗಿ ಕೇಳಿಸ್ಕೊಳ್ಳಿ, ಕತೆಯೆಲ್ಲಾ ಅದರ ಮೇಲೇ ನಿಂತಿದೆ. ಆ ಥರದ ವಾಚಿನೊಳಗೆ ಒಂದು ತಡೆಕಡ್ಡಿ ಇರುತ್ತೆ, ಇರುವೆ ಮೀಸೆಯಷ್ಟು ಸಣ್ಣದು. ಪಕ್ಕದ ಕೀ ಗುಂಡಿ ಹೊರಗೆಳೆದ್ರೆ ಆ ಕಡ್ಡಿ ಹೋಗಿ ಚಕ್ರಕ್ಕೆ ಆತ್ಕೊಳ್ಳುತ್ತೆ, ಸೆಕೆಂಡ್ ಮುಳ್ಳು ನಿಂತಲ್ಲೇ ನಿಲ್ಲುತ್ತೆ. ಯಾಕೆ? ಸಿಪಾಯಿಗಳೆಲ್ಲಾ ಕೆಲಸಕ್ಕೆ ಹೊರಡೋ ಮುಂಚೆ ಸುತ್ತ ನಿಂತು ಟೈಮ್ ಕೂಡಿಸ್ಕೊಳ್ಳೋರು. ಸಾಹೇಬ 'ಹಿಡಿ' ಅಂದ್ರೆ ಎಲ್ಲರೂ ಗುಂಡಿ ಎಳೆದು ಹಿಡೀಬೇಕು, 'ಬಿಡು' ಅಂದ್ರೆ ಒಟ್ಟಿಗೇ ಒತ್ತಬೇಕು. ಆಮೇಲೆ ಎಲ್ಲರ ಕೈಯಲ್ಲೂ ಒಂದೇ ಟೈಮು. ಹಿಡಿ... ಬಿಡು. ಅಷ್ಟೇ.

"ವಾಚು ಜೋಡಿಸಿ, ಕೀ ಕೊಟ್ಟು, ಹತ್ತು ದಿನ ಪರೀಕ್ಷೆಗೆ ಅಂತ ಇಲ್ಲಿ, ಇದೇ ಮೊಳೆಗೆ ನೇತು ಹಾಕಿದೆ. ದಿನಕ್ಕೆ ಎರಡು ನಿಮಿಷ ಹಿಂದೆ! ಹೆಚ್ಚಿಲ್ಲ ಕಮ್ಮಿಯಿಲ್ಲ, ಸರಿಯಾಗಿ ಎರಡು ನಿಮಿಷ. ನನ್ನ ರಿಪೇರಿ ಆದ ವಾಚು ಎರಡು ನಿಮಿಷ ಹಿಂದೆ! ಊಟ ಸೇರಲಿಲ್ಲ. ನಿಮ್ಮಜ್ಜಿ ಹೇಳ್ತಿದ್ಲು, 'ಈ ಮನುಷ್ಯ ನಾನು ಸತ್ತರೂ ಇಷ್ಟು ಸೊರಗಲ್ಲ' ಅಂತ. ನಾಲ್ಕು ಸಲ ಬಿಚ್ಚಿದೆ, ನಾಲ್ಕು ಸಲ ಮುಚ್ಚಿದೆ. ಕೊನೆಗೆ ಒಂದು ದಿನ ಬೆಳಗ್ಗೆಯಿಂದ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸ್ಕೊಂಡು, ರೆಪ್ಪೆ ಹೊಡೆಯದೆ ಅದನ್ನೇ ನೋಡ್ತಾ ಕೂತೆ. ಹೂಂ, ಆರು ಗಂಟೆ ರೆಪ್ಪೆ ಹೊಡೀಲಿಲ್ಲ, ನಂಬಿದ್ರೆ ನಂಬಿ. ಮಧ್ಯಾಹ್ನ ನಾಲ್ಕು ಹತ್ತು ಆಯ್ತು ನೋಡಿ... ಕೀ ಗುಂಡಿ ತಾನಾಗೇ ಹೊರಗೆ ಬಂತು. ಬೀಳಲಿಲ್ಲ, ಜಾರಲಿಲ್ಲ. ಯಾರೋ ಉಗುರು ಕೊಟ್ಟು ಎಳೆದ ಹಾಗೆ, ಮೆತ್ತಗೆ. ಮುಳ್ಳು ನಿಂತಿತು. ಎರಡು ನಿಮಿಷ. ಆಮೇಲೆ ಟಕ್ ಅಂತ ಒಳಗೆ ಹೋಯ್ತು, ಮುಳ್ಳು ನಡೀತು. ಬೇರೆಯವರಾಗಿದ್ರೆ ಒದ್ದೆ ಮಾಡ್ಕೊಳ್ಳೋರು. ನಾನು... ಸ್ವಲ್ಪ ಮಾತ್ರ."

ಅಕ್ಕ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಹೊರಗೆ ಫಲಕ ಉದ್ದಕ್ಕೆ ಕಿರುಗುಟ್ಟಿತು. ಟೈಲರ್ ಮತ್ತೆ ಎದ್ದು, "ಮಿಕ್ಕಿದ್ದು ಬಂದು ಕೇಳ್ತೀನಿ ಅಜ್ಜ, ಟೀ..." ಎನ್ನುವಷ್ಟರಲ್ಲಿ ಅಜ್ಜ ಅವನ ಅಂಗಿಯ ಚುಂಗು ಹಿಡಿದು ಕೂರಿಸಿದ. ಆ ವಯಸ್ಸಿನ ಕೈಗೆ ಅಷ್ಟು ಬಲ ಇರುವುದೆಂದು ನನಗೆ ಗೊತ್ತಿರಲಿಲ್ಲ.

"ಕೂರು ಅಂದ್ನಲ್ಲ! ಮಾರನೇ ದಿನ ಮೇಸ್ತ್ರಿ ಬಂದ. ಹೀಗ್ಹೀಗೆ ಅಂದೆ. ಆಗ ಅವನು ಹೇಳಿದ. ಅವನ ತಾತ ಸೇತುವೆ ಉಡಾಯಿಸೋ ಟುಕಡಿಯಲ್ಲಿದ್ನಂತೆ. ಒಂದು ದಿನ ನಾಲ್ಕು ಹತ್ತಕ್ಕೆ ಒಂದು ಸೇತುವೆ ಹಾರಬೇಕಿತ್ತು. ಬೆಳಗ್ಗೆ ಸಾಹೇಬ 'ಹಿಡಿ' ಅಂದಾಗ ಎಲ್ಲರೂ ಗುಂಡಿ ಎಳೆದ್ರು, ತಾತ ಮಾತ್ರ 'ನನ್ನ ವಾಚು ಹುಟ್ಟಿದಾಗಿಂದ ತಪ್ಪಿಲ್ಲ' ಅಂತ ಸುಮ್ನೆ ನಿಂತ. ಅವತ್ತು ಅವನದು ಎರಡು ನಿಮಿಷ ಮುಂದಿತ್ತು. ಅವನ ನಾಲ್ಕು ಹತ್ತಕ್ಕೆ ಸೇತುವೆ ಹಾರಿತು... ಅವನ ಕಡೆಯವರೇ ಇಬ್ಬರು, ಇನ್ನೂ ಎರಡು ನಿಮಿಷ ಇದೆ ಅಂತ, ಅದರ ಮೇಲೆ ನಡ್ಕೊಂಡು ಬರ್ತಿದ್ರು.

"ಇಷ್ಟು ಕೇಳಿದಮೇಲೆ ಬುದ್ಧಿ ಇರೋನು ಏನು ಮಾಡಬೇಕು? ಕೈಮುಗಿದು ವಾಚು ಟ್ರಂಕಿಗೆ ಕಳಿಸಬೇಕು. ಆದ್ರೆ ಮೇಸ್ತ್ರಿ ಅಂದ, 'ತಾತನ ದುಃಖ ತಾತಂಗೆ. ದಿನಾ ಎರಡು ನಿಮಿಷ ತಿನ್ನೋ ವಾಚು ಕಟ್ಕೊಂಡು ನಾನು ಮದ್ದು ಸಿಡಿಸಕ್ಕಾಗಲ್ಲ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಕೊಟ್ಬಿಡಿ.' ನಿಮ್ಮ ಕೈಲಿ ಆಗಲ್ಲ ಅಂದ್ರೆ! ಆ ಮಾತು ನನಗೆ ನಾಟಿತು. ಅವನೆದುರೇ ಹಿಂಬದಿ ಬಿಚ್ಚಿದೆ, ಚಿಮಟದಲ್ಲಿ ಆ ತಡೆಕಡ್ಡಿ ಹಿಡಿದೆ, ಕಿತ್ತೆ. ಪೆಪ್ಪರಮೆಂಟಿನ ಡಬ್ಬಿಗೆ ಹಾಕಿದೆ. ಇನ್ನು ಗುಂಡಿ ಯಾರೇ ಎಳೀಲಿ, ಮುಳ್ಳು ನಿಲ್ಲೋ ಹಾಗಿಲ್ಲ. 'ತಗೋ, ಇದು ಇನ್ನು ಯಮ ಬಂದ್ರೂ ನಿಲ್ಲಲ್ಲ' ಅಂದೆ. ತಪ್ಪಿಲ್ಲದ ವಾಚು ಅಂತ ಮೆರೆದ ತಾತನಿಗೂ ನನಗೂ ಏನು ವ್ಯತ್ಯಾಸ ಉಳೀತು, ಹೇಳಿ?

"ಮಾರನೇ ದಿನ ನಾಲ್ಕು ಹತ್ತಕ್ಕೆ... ಡಬ್ಬಿಯೊಳಗೆ ಟಿಕ್. ಟಿಕ್. ಕಡ್ಡಿ ತಗಡಿಗೆ ಬಡೀತಾ ಇದೆ. ಎರಡು ನಿಮಿಷ, ಆಮೇಲೆ ಗಪ್‌ಚಿಪ್. ಎರಡನೇ ದಿನ ಇನ್ನೂ ಜೋರು. ಮೂರನೇ ದಿನ ಡಬ್ಬಿ ಮೇಜಿಂದ ಕೆಳಗೆ ಬಿತ್ತು. ಏನೋ ಕಳ್ಕೊಂಡವರು ಕತ್ತಲಲ್ಲಿ ಗೋಡೆ ತಡಕಾಡ್ತಾರಲ್ಲ, ಹಾಗಿತ್ತು ಆ ಸದ್ದು. ನನಗೆ ತಡೀಲಿಲ್ಲ. ನಾಲ್ಕನೇ ದಿನ ಡಬ್ಬಿ ಜೇಬಿಗೆ ಹಾಕ್ಕೊಂಡು ಕ್ವಾರಿಗೆ ಓಡಿದೆ. ಎಂಟು ಮೈಲಿ! ದಾರಿಯಲ್ಲಿ ಎರಡು ಬಸ್ಸು ಹಿಂದೆ ಹಾಕಿದೆ. ಆಯ್ತು, ಒಂದು ಕೆಟ್ಟು ನಿಂತಿತ್ತು, ಒಪ್ಕೋತೀನಿ.

"ನಾನು ಹೋಗೋ ಹೊತ್ತಿಗೆ ಕೆಂಪು ಬಾವುಟ ಏರಿಸಿದ್ರು, ಸೈರನ್ ಕೂಗಿ ಮುಗಿದಿತ್ತು. ಕಾವಲಿನವನು ಹಗ್ಗದ ಹತ್ರ ತಡೆದ. 'ದಿನಾ ನಾಲ್ಕಕ್ಕೇ ಸಿಡಿಸೋದು, ಇವತ್ತು ಮದ್ದು ತುಂಬೋದು ತಡ ಆಯ್ತು. ನಾಲ್ಕು ಹತ್ತಕ್ಕೆ' ಅಂದ. ದೂರದಲ್ಲಿ ಮರಳು ಮೂಟೆ ಹಿಂದೆ ಮೇಸ್ತ್ರಿ ಕಾಣ್ತಿದ್ದ. ಮುಂದೆ ಸಿಡಿಸೋ ಪೆಟ್ಟಿಗೆ, ಅದರ ಹಿಡಿಕೆ ಮೇಲೆ ಬಲಗೈ. ಎಡಗೈ ಕಣ್ಣೆದುರಿಗೆ, ಅದರಲ್ಲಿ ನನ್ನ ವಾಚು. ನಾನು ಕೂಗಿದೆ... ಅಷ್ಟು ದೂರ ಕೇಳಿಸಲಿಲ್ಲ. ನನ್ನ ಗಂಟಲು! ಆಗ ಜೇಬಿನೊಳಗೆ ಡಬ್ಬಿ ಟಿಕ್ ಅಂತು. ನಾಲ್ಕು ಹತ್ತು.

"ಮೇಸ್ತ್ರಿ ಹಿಡಿಕೆ ಒತ್ತಬೇಕು. ಒತ್ತಲಿಲ್ಲ. ಬಲಗೈ ಹಿಡಿಕೆಯಿಂದ ಮೇಲೆ ಎದ್ದು ಗಾಳಿಯಲ್ಲಿ ನಿಂತಿದೆ. ಅಷ್ಟೆತ್ತರದ ಆಳು ಮೈಯೆಲ್ಲಾ ಬಿಗಿದು, ಹಲ್ಲು ಕಚ್ಚಿ, ಆ ಕೈ ಕೆಳಗಿಳಿಸೋಕೆ ಒದ್ದಾಡ್ತಿದಾನೆ... ಇಳೀತಿಲ್ಲ. ಹಾಗೇ ಇದ್ದಾಗ, ಬಂಡೆ ಬುಡದ ಗುಂಡಿಯಿಂದ ಒಂದು ತಲೆ ಮೇಲೆ ಬಂತು. ಆಮೇಲೆ ಇನ್ನೊಂದು. ತೂತು ಕೊರೆಯೋ ಆಳುಗಳು. ಮರೆತ ಸಲಾಕೆ ತರೋಕೆ ಸೈರನ್ನಿಗೆ ಮುಂಚೆಯೇ ಹಿಂದೆ ಹೋಗಿದ್ರು, ಯಾರೂ ನೋಡಿರಲಿಲ್ಲ. ಸಲಾಕೆ ಹೆಗಲ ಮೇಲಿಟ್ಕೊಂಡು, ಏನೋ ಜೋಕು ಹೇಳ್ಕೊಂಡು, ಆರಾಮಾಗಿ ನಡ್ಕೊಂಡು ಬಂದ್ರು. ಎಷ್ಟು ಜನ? ಇಬ್ಬರು. ಎಷ್ಟು ಹೊತ್ತು? ನಾನು ಬೇರೆ ಹೇಳಬೇಕಾ?

"ಅವರು ಹಗ್ಗ ದಾಟಿದ್ರು, ಮೇಸ್ತ್ರಿ ಕೈ ಧೊಪ್ಪಂತ ಕೆಳಗೆ ಬಿತ್ತು. ಅಷ್ಟು ಜೋರಾಗಿ ಬಿತ್ತು ಅಂದ್ರೆ ಹಿಡಿಕೆ ತಾನಾಗೇ ಒತ್ತಿಹೋಗಿ ಗುಡ್ಡ ಎದ್ದು ಕೂತಿತು. ಹೋಗಿ ನೋಡಿದೆ. ವಾಚು ಕರೆಕ್ಟಾಗಿ ನಡೀತಾ ಇದೆ, ನಾಲ್ಕು ಹನ್ನೆರಡು. ಬಲಗೈ ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಗುರುತು, ನೀಲಿಗಟ್ಟಿದೆ, ಮುಟ್ಟಿದ್ರೆ ತಣ್ಣಗೆ..."

"ನರ ಹಿಡ್ಕೊಂಡಿರುತ್ತೆ ಅಜ್ಜ, ಆಗುತ್ತೆ ಹಾಗೆ," ಎಂದಳು ಅಕ್ಕ. ಈ ಸಲ ನಗಲಿಲ್ಲ.

"ನರಕ್ಕೆ ಬೆರಳು ಇರುತ್ತೇನಮ್ಮ? ವಾಚಿನೊಳಗೆ ಹಿಡ್ಕೊಳ್ಳೋ ಜಾಗವನ್ನ ನಾನು ಕಿತ್ತಿದ್ದೆ. ಅದಕ್ಕೇ ತಾತ ಹೊರಗೆ ಬಂದು ಮೊಮ್ಮಗನ ಕೈ ಹಿಡ್ಕೊಂಡ. ಅಲ್ಲೇ ಒಂದು ಚಪ್ಪಡಿ ಮೇಲೆ ಕೂತು ಕಡ್ಡಿ ವಾಪಸ್ ಹಾಕಿಕೊಟ್ಟೆ. ಅವತ್ತಿಂದ ಮೇಸ್ತ್ರಿ ದಿನಾ ಸಿಡಿಸೋ ಹೊತ್ತನ್ನೇ ನಾಲ್ಕು ಹತ್ತಕ್ಕೆ ಇಟ್ಟ. ಮುಳ್ಳು ನಿಂತರೆ ಕಾಯೋನು, ನಡೆದ್ರೆ ಒತ್ತೋನು. ಒಂದೊಂದು ದಿನ ಎರಡು ನಿಮಿಷ, ಒಂದೊಂದು ದಿನ ಹತ್ತು. ಇಪ್ಪತ್ತೆರಡು ವರ್ಷ, ಒಬ್ಬರಿಗೂ ಒಂದು ಚೂರು ಕಲ್ಲು ತಾಗಲಿಲ್ಲ. ಕೆಲಸ ಬಿಟ್ಟ ದಿನ ಇಲ್ಲಿಗೆ ಬಂದು ವಾಚು ಬಿಚ್ಚಿ ನನ್ನ ಮುಂದಿಟ್ಟ. 'ನನಗಿನ್ನು ಕಾಯೋ ಜನ ಇಲ್ಲ ಯಜಮಾನ್ರೇ. ಬೀದಿಯಲ್ಲಿ ಕೂರೋರು ನೀವು, ಸುತ್ತ ಜನ ಇರ್ತಾರೆ, ನಿಮಗಿರಲಿ' ಅಂದ."

ಕತೆ ಮುಗಿಯಿತು. ಮಳೆ ಪೂರ್ತಿ ನಿಂತಿರುವುದು ನಮಗೆ ಗೊತ್ತಾದದ್ದೇ ಆಗ. ಟೈಲರ್ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಚೆನ್ನಾಗಿ ಬಿಟ್ರಿ ಅಜ್ಜ! ಇಷ್ಟೇ ಇಷ್ಟು ಕತೆ, ಎಷ್ಟು ಎಳೆದ್ರಿ ಮಾರಾಯ್ರೇ," ಎಂದ.

"ಎಳೆದೆ. ಯಾಕೆ ಎಳೆದೆ ಅಂತ ಕೇಳು."

ಅಜ್ಜ ಸ್ವೆಟರಿನ ತೋಳನ್ನು ಮೇಲೆ ಸರಿಸಿದ. ಕಾಫಿ ಬಣ್ಣದ ಡಯಲ್ಲು, ಹಳದಿ ಅಂಕಿಗಳು. ಕೀ ಗುಂಡಿ ಒಂದು ಕೂದಲೆಳೆಯಷ್ಟು ಹೊರಗಿತ್ತು. ಸೆಕೆಂಡ್ ಮುಳ್ಳು ಅಲುಗುತ್ತಿರಲಿಲ್ಲ. ನಾಲ್ಕು ಹತ್ತು. ನಾನು ಜೇಬಿನಿಂದ ಮೊಬೈಲು ತೆಗೆದು ನೋಡಿದೆ: ನಾಲ್ಕೂ ಮುಕ್ಕಾಲು. ಬೀದಿಯ ಆಚೆ ಟೀ ಅಂಗಡಿಯ ನೆತ್ತಿಯ ಮೇಲೆ ಆ ಫಲಕ, ಗಾಳಿಯಿಲ್ಲದಿದ್ದರೂ, ಒಮ್ಮೆ ಕಿರುಗುಟ್ಟಿತು.

"ಕತೆಯಲ್ಲಿ ಸುಳ್ಳು ಸೇರಿಸಿದೀನಿ, ಬಸ್ಸು ಗಿಸ್ಸು ಎಲ್ಲಾ. ನಿಮಗೂ ಗೊತ್ತು," ಎಂದ ಮುಳ್ಳಜ್ಜ, ದನಿ ಏರಿಸದೆ. "ಆದ್ರೆ ಇದನ್ನ ನಾನು ನಿಲ್ಲಿಸಿಲ್ಲ. ಈ ಟೈಲರ್ ಮೊದಲ ಸಲ ಕೊಡೆ ಬಿಚ್ಚಿದ್ನಲ್ಲ, ಆಗಲೇ ನಿಂತಿದ್ದು. ಎರಡಲ್ಲ, ಹತ್ತಲ್ಲ... ಮೂವತ್ತೈದು ನಿಮಿಷ ಆಯ್ತು. ಇಷ್ಟು ಹೊತ್ತು ಆ ತಾತ ಯಾವತ್ತೂ ಹಿಡ್ಕೊಂಡಿರಲಿಲ್ಲ. 'ಹಿಡಿ' ಅಂದಿದ್ದು ಆಗಿದೆ ಮಕ್ಕಳೇ, 'ಬಿಡು' ಅಂತ ಇನ್ನೂ ಅಂದಿಲ್ಲ... ಈಗ ಹೇಳಿ, ಮೊದಲು ಯಾರು ಏಳ್ತೀರಿ?"